ಹೆಣ ಬಚ್ಚಲಲ್ಲಿ, ಕಾಫಿ ಜಗುಲಿಯಲ್ಲಿ: ಮಲೆನಾಡಿನ ಒಂದೇ ಮನೆಯಲ್ಲಿ ಕ್ರೈಂ ಕಾಮಿಡಿ ತೆಗೆಯುವ ಬಗೆ

ಬ್ರಿಟಿಷ್ ಟಿವಿಯವರ ಕರಾಳ ಹಾಸ್ಯಕ್ಕೆ ಹೆಚ್ಚು ಸಾಮಾನು ಬೇಕಿಲ್ಲ. ಒಂದು ಮನೆ, ನಾಲ್ಕೈದು ಜನ, ಒಂದು ಹೆಣ, ಅದನ್ನು ಅಡಗಿಸುವ ಗಡಿಬಿಡಿಯಲ್ಲೂ ಬಿಡಲಾಗದ ಮರ್ಯಾದೆ. ಬಿಬಿಸಿ ಟೂ ವಾಹಿನಿಯಲ್ಲಿ 2014ರಿಂದ 2024ರವರೆಗೆ ಬಂದ ‘ಇನ್‌ಸೈಡ್ ನಂಬರ್ 9’ ಸರಣಿಯನ್ನೇ ನೋಡಿ: ಅರ್ಧ ಗಂಟೆಯ ಕಂತು, ಪ್ರತಿ ಸಲ ಹೊಸ ಕಥೆ, ಬಹುಪಾಲು ಒಂದೇ ಜಾಗ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಒಂಟಿ ಮನೆಗೆ ಈ ಅಳತೆ ಚೆನ್ನಾಗಿ ಹೊಂದುತ್ತದೆ. ನೆರೆಮನೆ ತೋಟದಾಚೆ, ಬಂದವರನ್ನು ಬಾಯಾರಿಕೆ ಕೇಳದೆ ಕಳಿಸುವಂತಿಲ್ಲ.

ಮೊದಲು ಬರವಣಿಗೆ. ಅಪರಾಧ ಚಿಕ್ಕದಿರಲಿ, ಊರಿನದಿರಲಿ. ಅಟ್ಟದಲ್ಲಿಟ್ಟ ಒಣ ಅಡಿಕೆ ಕದಿಯಲು ಬಂದವನು ಏಣಿಯಿಂದ ಬಿದ್ದು ಸತ್ತ, ಮನೆಯವರು ಹೆಣವನ್ನು ಬಚ್ಚಲಿಗೆ ಸೇರಿಸಿದರು ಎಂದಿಟ್ಟುಕೊಳ್ಳಿ. ಮನೆಯವರಿಗೆ ಸಾವಿಗಿಂತ ನಾಳೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡನದೇ ಚಿಂತೆ. ನಗು ಹುಟ್ಟುವುದು ಇಲ್ಲಿ: ದೊಡ್ಡದನ್ನು ಮನೆಗೆಲಸದಂತೆ, ಸಣ್ಣದನ್ನು ಜೀವನ್ಮರಣದಂತೆ ನೋಡುವ ಕಡೆ. ಕೊನೆಗೌಡ ಬಂದಾಗ ಮನೆಯಾಕೆಯ ಜೊತೆ ಮಾತು ಹೀಗಿರಬಹುದು:

“ಬನ್ನಿ ಗೌಡ್ರೇ, ಕೂತ್ಕಳಿ. ಮಜ್ಜಿಗೆ ಕೊಡ್ಲಾ, ಕಾಫಿನಾ?”
“ಎಂತದೂ ಬೇಡ ಮಾರಾಯ್ತಿ. ಕೈಕಾಲು ತೊಳೀಬೇಕಿತ್ತು.”
“ಬಚ್ಚಲು ಬೇಡ. ಒಲೆ ಹೊಗೆ ಹಾಕ್ತಾ ಉಂಟು.”

ಇಲ್ಲಿ ಯಾರೂ ಜೋಕು ಹೇಳುತ್ತಿಲ್ಲ. ನಟರಿಗೆ ಕೊಡಬೇಕಾದ ಸೂಚನೆಯೂ ಇಷ್ಟೇ. ಕಣ್ಣರಳಿಸಿ, ದನಿ ಏರಿಸಿ ನಗಿಸಲು ಹೊರಟ ನಟನಿಂದ ಇಡೀ ದೃಶ್ಯ ಕೆಡುತ್ತದೆ. ನಾಟಕದ ಸ್ಟೇಜಿನಿಂದ ಬಂದವರಲ್ಲಿ ಈ ಚಾಳಿ ಜಾಸ್ತಿ. ಅಂಥವರಿಗೆ ಮಾತಾಡುವಾಗ ಕೈಗೆ ಕೆಲಸ ಕೊಡಿ: ಅಡಿಕೆ ಸುಲಿಯುವುದೋ, ಕವಳ (ಎಲೆಅಡಿಕೆ) ಕಟ್ಟುವುದೋ.

ಪೊಲೀಸ್ ಕ್ರಮ ಸರಿಯಾಗಿದ್ದಷ್ಟೂ ಹಾಸ್ಯಕ್ಕೆ ಬಲ. ಅಸಹಜ ಸಾವಾದರೆ ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ. ಹೆಣದ ಪಂಚನಾಮೆ ಮಾಡುವಾಗ ನೆರೆಹೊರೆಯ ಇಬ್ಬರಾದರೂ ಗೌರವಸ್ಥರು ಹಾಜರಿರಬೇಕು ಎನ್ನುತ್ತದೆ ಕಾನೂನು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಹೆಣ ಅಡಗಿಸಿದವನನ್ನೇ ಪಂಚನಾಗಿ, ಅಂದರೆ ಆ ಸಾಕ್ಷಿಯಾಗಿ, ಕೂರಿಸಿದರೆ ಹತ್ತು ನಿಮಿಷದ ದೃಶ್ಯ ತಾನಾಗಿ ಬೆಳೆಯುತ್ತದೆ. ಹೆಣ ಸೆಟೆಯುವ ಲೆಕ್ಕವೂ ತಪ್ಪಬಾರದು. ಎರಡು ಮೂರು ಗಂಟೆಯಲ್ಲಿ ದವಡೆ, ಕುತ್ತಿಗೆಯಿಂದ ಬಿಗಿತ ಶುರುವಾಗುತ್ತದೆ, ಸುಮಾರು 12 ಗಂಟೆಯಲ್ಲಿ ಮೈಯೆಲ್ಲ ಸೆಟೆದಿರುತ್ತದೆ, ಆಮೇಲೆ ನಿಧಾನಕ್ಕೆ ಸಡಿಲ. ಸಂಜೆ ಸತ್ತವನನ್ನು ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಲು ಹೋದರೆ ಮೊಣಕಾಲು ಮಡಚುವುದಿಲ್ಲ. ಆ ಪರದಾಟವನ್ನು ಪೂರ್ತಿ ಬಳಸಿಕೊಳ್ಳಿ.

ಅರ್ಧ ಗಂಟೆಗೆ ಚಿತ್ರಕಥೆಯ 30 ಪುಟ ಎಂಬ ರೂಢಿಯನ್ನು ನಂಬಬೇಡಿ. ಮಲೆನಾಡಿನ ಮಾತು ಎಳೆದು ಹೋಗುತ್ತದೆ. ಎಲ್ಲರನ್ನೂ ಕೂರಿಸಿ ಗಡಿಯಾರ ಇಟ್ಟು ಓದಿಸಿ, 35 ನಿಮಿಷ ದಾಟಿದರೆ ಕತ್ತರಿಸಿ. ಶೂಟಿಂಗಿಗೆ ದಿನಕ್ಕೆ ಐದು ಪುಟ ಎಂದರೆ 30 ಪುಟಕ್ಕೆ ಆರು ದಿನ ಬೇಕು. ಮಳೆಗಾಲವಾದರೆ ಎಂಟು ಇಟ್ಟುಕೊಳ್ಳಿ.

ಇನ್ನು ರಕ್ತ. ಬೀಟ್‌ರೂಟ್, ಮುರುಗಲು (ಕೋಕಂ) ಎರಡೂ ಬೇಡ. ಬಣ್ಣ ಗುಲಾಬಿಗೆ ತಿರುಗುತ್ತದೆ, ಕ್ಯಾಮೆರಾದಲ್ಲಿ ಶರಬತ್ತಿನಂತೆ ಕಾಣುತ್ತದೆ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕುದಿಸಿ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಸೇರಿಸಿ ಎರಡು ನಿಮಿಷ ತಿರುವಿ, ಎಳೆ ಪಾಕವಾಗುವ ಮೊದಲೇ ಇಳಿಸಿ. ಆರಿದ ಮೇಲೆ ಅಡುಗೆಯ ಕೆಂಪು ಬಣ್ಣದ ಪುಡಿ ಕಾಲು ಚಮಚ, ಜೋನಿಬೆಲ್ಲ (ದ್ರವ ಬೆಲ್ಲ) ಎರಡು ದೊಡ್ಡ ಚಮಚ. ಕಾರ್ನ್‌ಫ್ಲೋರ್ ಇಲ್ಲದಿದ್ದರೆ ದ್ರವ ಪಾರದರ್ಶಕವಾಗಿ ಉಳಿಯುತ್ತದೆ, ಜೋನಿ ಇಲ್ಲದಿದ್ದರೆ ಪ್ಲಾಸ್ಟಿಕ್ ಕೆಂಪು. ಬಿಳಿ ಬಟ್ಟೆಯ ಮೇಲೆ, ಶೂಟಿಂಗಿನ ಲೈಟಿನಡಿಯೇ ಪರೀಕ್ಷಿಸಿ, ಬಣ್ಣ ಹೆಚ್ಚು ಕಡಿಮೆ ಮಾಡಿ. ಶಾಟ್ ರೆಡಿ ಎಂದ ಮೇಲೆ ಹಚ್ಚಿ, ಕಟ್ ಎಂದೊಡನೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ಹೆಣದ ಪಾತ್ರಧಾರಿಗೆ ಇರುವೆ ಮುತ್ತುತ್ತದೆ, ಹೆಣ ಎದ್ದು ಓಡುತ್ತದೆ.

ಒಣಗಿದ ಕಲೆಗೆ ನಮ್ಮಲ್ಲಿರುವುದು ಪೇಟೆಯ ಮೇಕಪ್ಪಿನವರ ಹತ್ತಿರವೂ ಇಲ್ಲ: ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಂದು ರಸ. ಹಲಗೆ, ಗೋಣಿಚೀಲ, ಹಳೇ ಪಂಚೆಗೆ ತೆಳುವಾಗಿ ಬಳಿದು ಒಣಗಿಸಿದರೆ ಕಂದುಗೆಂಪು ಕಲೆ ಥೇಟ್ ಹಳೇ ರಕ್ತ. ತೊಳೆದರೆ ಹೋಗುವುದಿಲ್ಲ, ಆದ್ದರಿಂದ ಮನೆಯವರ ಹಾಸಿಗೆ, ನೆಲ, ನಟರ ಮೈ ಯಾವುದಕ್ಕೂ ತಾಗಿಸಬೇಡಿ. ಕವಳದ ಉಗುಳಿನ ಕಲೆಯೂ ಕಥೆಗೆ ಒದಗುತ್ತದೆ. ಪೇದೆ ಯಾವುದನ್ನು ರಕ್ತ ಎಂದುಕೊಂಡ, ಯಾವುದನ್ನು ಕವಳ ಎಂದು ಬಿಟ್ಟ?

ಎಳೆದಾಡುವ ದೃಶ್ಯಕ್ಕೆ ಬೊಂಬೆ ಮಾಡಿ. ಹಳೇ ಪ್ಯಾಂಟು, ಅಂಗಿಗೆ ಅಡಿಕೆ ಸಿಪ್ಪೆ ತುಂಬಿ, ಸೊಂಟ ಮತ್ತು ಭುಜದ ಕಡೆ ಮರಳಿನ ಚೀಲ ಇಡಿ. ಒಟ್ಟು ತೂಕ 25 ಕಿಲೋ ಇರಲಿ. ಬರೀ ಸಿಪ್ಪೆಯಾದರೆ ಎತ್ತುವವರ ಸೊಂಟ ಬಾಗುವುದೇ ಇಲ್ಲ, ಸುಳ್ಳು ತಕ್ಷಣ ಗೊತ್ತಾಗುತ್ತದೆ. ಮುಖ ಕಾಣುವ ಶಾಟಿಗೆ ಮಾತ್ರ ನಟ ಮಲಗಲಿ. ಉಸಿರು ಬಿಟ್ಟು ತಡೆದ ಮೇಲೆ ಹತ್ತು ಸೆಕೆಂಡಿನೊಳಗೆ ಮುಗಿಸಿ, ಹೊಟ್ಟೆಯ ಮೇಲೆ ಕಂಬಳಿ ಇರಲಿ.

ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮಿಗೆ, ಶಟರ್ 1/50ಕ್ಕೆ ಇಡಿ. ಬ್ರಿಟನ್ನಿನಂತೆ ನಮ್ಮ ಕರೆಂಟೂ 50 ಹರ್ಟ್ಸ್‌ನದು. ಮೊಬೈಲ್ ತಾನಾಗಿ ಆರಿಸುವ 30ರಲ್ಲಿ ಶಟರ್ 1/60ಕ್ಕೆ ಹೋದರೆ ಅಗ್ಗದ ಎಲ್‌ಇಡಿ ಬಲ್ಬು ಚಿತ್ರದಲ್ಲಿ ಮಿಣುಕುತ್ತದೆ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿಗೆ ಲೈಟು, ರೆಕಾರ್ಡರ್ ಜೋಡಿಸಿದರೆ ದನಿಯಲ್ಲಿ ಝುಂಯ್ ಸೇರುತ್ತದೆ. ರೆಕಾರ್ಡರ್ ಬ್ಯಾಟರಿಯಲ್ಲೇ ಇರಲಿ.

ಮಳೆ ಬೇಕೆಂದು ಆಗುಂಬೆಯ ಮಳೆಯನ್ನು ನೆಚ್ಚಿಕೊಳ್ಳಬೇಡಿ. ಒಂದು ಶಾಟಿನಲ್ಲಿ ಜಡಿ, ಮುಂದಿನದರಲ್ಲಿ ಹನಿ, ಜೋಡಿಸಲು ಬರುವುದಿಲ್ಲ. ಕ್ಯಾಮೆರಾದ ಕಡೆಯಿಂದ ಬೆಳಕು ಬಿದ್ದರೆ ಮಳೆ ಕಾಣುವುದೂ ಕಷ್ಟ. ಲೈಟನ್ನು ಮಳೆಯ ಹಿಂದೆ ಇಡಬೇಕು. ತೋಟದ ಸ್ಪ್ರಿಂಕ್ಲರನ್ನು ಕಿಟಕಿಯ ಹೊರಗೆ ನಿಲ್ಲಿಸಿ ಹಿಂದಿನಿಂದ ಬೆಳಕು ಕೊಟ್ಟರೆ ಸಾಕು. ಲೈಟು, ವೈರು ನೀರಿನಿಂದ ದೂರ, ಜಂತಿಯಡಿ ಇರಲಿ. ತಗಡಿನ ಮಾಡಿನಡಿ ಮಳೆಯಲ್ಲಿ ಮಾತು ಹಿಡಿಯುವ ಆಸೆ ಬಿಡಿ, ಹಂಚಿನ ಕೋಣೆಗೆ ಬನ್ನಿ. ಕಾಲರ್ ಮೈಕನ್ನು ಅಂಗಿಯೊಳಗೆ ಸಿಕ್ಕಿಸಿ. ಪ್ರತಿ ಕೋಣೆಯಲ್ಲೂ ಎಲ್ಲರೂ ಬಾಯಿ ಮುಚ್ಚಿ ಎರಡು ನಿಮಿಷದ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ, ಎಡಿಟಿಂಗಿನಲ್ಲಿ ಮಾತಿನ ನಡುವೆ ತುಂಬಲು ಬೇಕಾಗುತ್ತದೆ. ಕ್ಯಾಮೆರಾವನ್ನು ಶೂಟಿಂಗ್ ನಡೆಯುವ ಕೋಣೆಯಲ್ಲೇ ಅರ್ಧ ಗಂಟೆ ಮೊದಲು ಇಟ್ಟರೆ ಲೆನ್ಸಿಗೆ ಹಬೆ ಕಟ್ಟುವುದಿಲ್ಲ. ರಾತ್ರಿ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಗೆ ಹೋಗಲಿ, ಇಲ್ಲವಾದರೆ ಒಂದೇ ಮಳೆಗಾಲದಲ್ಲಿ ಫಂಗಸ್. ಇಂಬಳ (ಜಿಗಣೆ) ಹತ್ತಿದರೆ ಉಪ್ಪಿನ ಗಂಟು.

ಖಾಸಗಿ ಮನೆಗೆ ಯಜಮಾನರ ಒಪ್ಪಿಗೆ ಪತ್ರ, ಕಾಡಿನೊಳಗೆ ಕಾಲಿಡುವುದಾದರೆ ಅರಣ್ಯ ಇಲಾಖೆಯ ಅನುಮತಿ. ಖಾಕಿ ಸಮವಸ್ತ್ರ, ಆಟಿಕೆ ಕೋವಿ ಇದ್ದರೆ ಠಾಣೆಗೆ ಮೊದಲೇ ಬರೆದು ಕೊಡಿ. ಖಾಕಿ ಹಾಕಿಕೊಂಡ ನಟ ಚಹಾಕ್ಕೆಂದು ರಸ್ತೆಬದಿಯ ಅಂಗಡಿಗೆ ಹೋಗಕೂಡದು.

ಎಡಿಟಿಂಗಿನಲ್ಲಿ ಕಾಮಿಡಿ ಮ್ಯೂಸಿಕ್ ಹಾಕಬೇಡಿ. “ಹೊಗೆ ಹಾಕ್ತಾ ಉಂಟು” ಎಂದ ಮೇಲೆ ಗೌಡರ ಮುಖದ ಮೇಲೆ 12 ಫ್ರೇಮು, ಅಂದರೆ ಸುಮಾರು ಅರ್ಧ ಸೆಕೆಂಡು, ಹೆಚ್ಚು ನಿಂತು ನೋಡಿ, ಸಾಲದಿದ್ದರೆ 25. ಅಷ್ಟಕ್ಕೂ ನಗು ಬರಲಿಲ್ಲವೆಂದರೆ ಬರೆದ ಮಾತನ್ನೇ ತೆಗೆದು ಮುಖವನ್ನಷ್ಟೇ ಉಳಿಸಿಕೊಳ್ಳಿ.