ಅರಳು ಮರಳು ಅನ್ನುವ ಮುನ್ನ ಬಿ12 ನೋಡಿಸಿ

ಒಂದೇ ಮಾತನ್ನು ನಾಲ್ಕು ಸಲ ಕೇಳುವ ಅಜ್ಜಿ, ಕೊಟ್ಟ ದುಡ್ಡು ಮರೆಯುವ ಅಜ್ಜ. ಮನೆಮಂದಿ ‘ಅರವತ್ತರ ಅರಳು ಮರಳು’ ಎಂದು ಸುಮ್ಮನಾಗುತ್ತಾರೆ. ಮರೆವಿಗಿರುವ ಕಾರಣಗಳಲ್ಲಿ ಸರಿಪಡಿಸಬಹುದಾದವು ಕೆಲವೇ. ಅವುಗಳಲ್ಲಿ ವಿಟಮಿನ್ ಬಿ12 ಕೊರತೆ ಒಂದು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮೊಟ್ಟೆ-ಮಾಂಸ ಮುಟ್ಟದ, ಹಾಲನ್ನು ಚಹಾಕ್ಕಷ್ಟೇ ಬಳಸುವ ಮನೆಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಜೋಳ, ಬೇಳೆ, ಸೊಪ್ಪು ಎಷ್ಟೇ ಉಂಡರೂ ಬಿ12 ಸಿಗುವುದಿಲ್ಲ.

ಮೊದಲು ಕಾಲು ನೋಡಿ

ವಿಚಿತ್ರ ಅನ್ನಿಸಬಹುದು, ಆದರೆ ತಲೆಯ ತೊಂದರೆಯ ಸುಳಿವು ಎಷ್ಟೋ ಸಲ ಕಾಲಲ್ಲಿರುತ್ತದೆ. ಅಂಗಾಲು ಜುಮುಗುಡುವುದು, ನಡೆಯುವಾಗ ಚಪ್ಪಲಿ ಕಳಚಿದ್ದೇ ಗೊತ್ತಾಗದಿರುವುದು, ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ತೂರಾಡುವುದು. ಬಿ12 ಇಲ್ಲದೆ ನರದ ಮೇಲಿನ ಹೊದಿಕೆ ಹಾಳಾಗಿ, ಪಾದ ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಣ್ಣು ತೆರೆದಿರುವ ತನಕ ನೋಟದಿಂದ ಸಂಭಾಳಿಸುತ್ತಾರೆ. ನಾಲಿಗೆಯನ್ನೂ ನೋಡಿ: ಕೆಂಪಗೆ, ನುಣ್ಣಗಾಗಿ, ಕೆಂಪು ಚಟ್ನಿ ತಾಗಿದರೆ ಉರಿಯುತ್ತಿದೆಯೇ? ಕಂಡದ್ದನ್ನು ಒಂದು ವಾರ ಬರೆದಿಡಿ.

ಜೊತೆಗೆ ಅವರು ನುಂಗುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಡಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸಿನ ಒಮೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ವರ್ಷಗಟ್ಟಲೆ ನಡೆದಿದ್ದರೆ ಬಿ12 ಹೀರಿಕೆ ತಗ್ಗುತ್ತದೆ. ಹಾಗಂತ ತಾವೇ ನಿಲ್ಲಿಸಬಾರದು; ಚೀಲವನ್ನು ಡಾಕ್ಟರ ಮುಂದಿಟ್ಟರೆ ಸಾಕು.

ರಕ್ತ ಪರೀಕ್ಷೆ

ಬಿ12 ಜೊತೆ ಸಿಬಿಸಿ (ರಕ್ತಕಣಗಳ ಎಣಿಕೆ), ಥೈರಾಯ್ಡ್, ಸಕ್ಕರೆ, ಸೋಡಿಯಂ ಪರೀಕ್ಷೆಗಳನ್ನೂ ಕೇಳಿ, ಏಕೆಂದರೆ ಇವುಗಳ ಏರುಪೇರೂ ಮರೆವು, ಮಂಕು ತರುತ್ತದೆ. ಬಿ12 ಮಟ್ಟ ಮಿ.ಲೀ.ಗೆ 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಎಂದೇ ಲೆಕ್ಕ. 200ರಿಂದ 300ರ ನಡುವೆ ಇದ್ದರೆ ಲಕ್ಷಣ ನೋಡಿ ತೀರ್ಮಾನಿಸುತ್ತಾರೆ. ಹಿಮೋಗ್ಲೋಬಿನ್ ಸರಿಯಿದೆ ಎಂದು ಸಮಾಧಾನಪಡಬೇಡಿ, ರಕ್ತ ಚೆನ್ನಾಗಿದ್ದೂ ನರ ಸವೆಯುವುದುಂಟು.

ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದಿದೆ: ಸುಸ್ತು ಅಂತ ಮೊದಲೇ ‘ಶಕ್ತಿ ಇಂಜೆಕ್ಷನ್’ ಹಾಕಿಸಿಕೊಂಡು ಆಮೇಲೆ ಲ್ಯಾಬಿಗೆ ಹೋಗುವುದು. ಅದರಲ್ಲಿ ಬಿ12 ಇದ್ದರೆ ಅಂಕಿ ಮೇಲೇರಿ ಅಸಲು ಕೊರತೆ ಮುಚ್ಚಿಹೋಗುತ್ತದೆ. ಇನ್ನೊಂದು, ಬರೀ ಫೋಲಿಕ್ ಆಸಿಡ್ ಗುಳಿಗೆ ನುಂಗುವುದು. ಅದರಿಂದ ರಕ್ತಹೀನತೆ ಇಳಿಯುತ್ತದೆ, ನರದ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ತಟ್ಟೆಯಲ್ಲಿ ಏನಿರಬೇಕು

ದಿನಕ್ಕೆ ಬೇಕಾದ ಬಿ12 ಎರಡರಿಂದ ಎರಡೂವರೆ ಮೈಕ್ರೋಗ್ರಾಂ. 200 ಮಿ.ಲೀ. ಲೋಟದ ಹಾಲಿನಲ್ಲಿ ಮುಕ್ಕಾಲರಿಂದ ಒಂದು, ಒಂದು ಮೊಟ್ಟೆಯಲ್ಲಿ ಸುಮಾರು ಅರ್ಧ. ಅಂದರೆ ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಒಂದು ಬಟ್ಟಲು ಗಟ್ಟಿ ಮೊಸರು, ರಾತ್ರಿ ಹಾಲಿನಲ್ಲಿ ಮುರಿದು ನೆನೆಸಿದ ರೊಟ್ಟಿ. ಹಲ್ಲಿಲ್ಲದವರಿಗೆ ಇದಕ್ಕಿಂತ ಸಲೀಸು ಊಟ ಇನ್ನೊಂದಿಲ್ಲ. ನೀರು ಮಜ್ಜಿಗೆ ಲೆಕ್ಕಕ್ಕಿಲ್ಲ: ಒಂದು ಬಟ್ಟಲು ಮೊಸರು ನಾಲ್ಕು ಲೋಟವಾದರೆ ಪ್ರತಿ ಲೋಟಕ್ಕೆ ಬರುವುದು ಕಾಲು ಬಟ್ಟಲಿನ ಸಾರ. ಹಾಲನ್ನು ಮತ್ತೆ ಮತ್ತೆ ಕುದಿಸಿದರೂ ಬಿ12 ಸವೆಯುತ್ತದೆ. ಮಾಂಸ ತಿನ್ನುವವರಿಗೆ ವಾರಕ್ಕೊಮ್ಮೆ 50 ಗ್ರಾಂ ಕುರಿ ಲಿವರ್ ಧಾರಾಳ. ತುಂಗಭದ್ರೆಯ ಮೀನೂ ಆಗುತ್ತದೆ.

ಫೋಲೇಟ್, ಅಂದರೆ ಸೊಪ್ಪಿನಲ್ಲಿ ಸಿಗುವ ಫೋಲಿಕ್ ಆಸಿಡ್ ಬಗೆಯ ವಿಟಮಿನ್ ವಿಷಯದಲ್ಲಿ ನಮ್ಮ ಪದ್ಧತಿಯೇ ಜಾಣತನದ್ದು. ರೊಟ್ಟಿ ಜೊತೆ ಹಸಿ ಹಕ್ಕರಕಿ, ಮೆಂತ್ಯೆ ಸೊಪ್ಪು ಕಡಿಯುತ್ತೇವೆ. ಈ ವಿಟಮಿನ್ ಬಿಸಿಗೆ ಒಂದಿಷ್ಟು ನಾಶವಾಗುತ್ತದೆ, ಒಂದಿಷ್ಟು ನೀರಿಗೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿನದಿಂದ ದಿನಕ್ಕೆ ಏರಿಳಿಸಬಾರದು.

ಶೇಂಗಾ ಚಟ್ನಿಗೂ ಒಂದು ಹಿನ್ನೆಲೆಯಿದೆ. ಜೋಳವೊಂದನ್ನೇ ಉಣ್ಣುತ್ತಿದ್ದ ದಖ್ಖನ್ನಿನ ಬಡವರಲ್ಲಿ ಪೆಲಾಗ್ರಾ ಕಾಣುತ್ತಿತ್ತು: ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಬುದ್ಧಿ ಮಂಕು. 1960ರಲ್ಲಿ ಹೈದರಾಬಾದಿನ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಎಂಬ ಪ್ರೊಟೀನ್ ಅಂಶಕ್ಕೆ ಜೋಡಿಸಿದರು. ಪೆಲಾಗ್ರಾಕ್ಕೆ ಮದ್ದಾದ ನಯಾಸಿನ್ (ಬಿ3 ವಿಟಮಿನ್) ಶೇಂಗಾದಲ್ಲಿ ಹೇರಳ. ದಿನಕ್ಕೆರಡು ಚಮಚ ಚಟ್ನಿಪುಡಿಯನ್ನು ಮೊಸರಲ್ಲಿ ಕಲಸಿ ಕೊಡಿ. ಬಿಪಿ ಇದ್ದರೆ ಉಪ್ಪು ಕಡಿಮೆ ಹಾಕಿ ಕುಟ್ಟಿ.

ಗುಳಿಗೆ, ಇಂಜೆಕ್ಷನ್

ಕೊರತೆ ಖಚಿತವಾದ ಮೇಲೆ ಬರೀ ಊಟದಿಂದ ಸರಿಹೋಗುವುದು ಕಷ್ಟ. ವಯಸ್ಸಾದಂತೆ ಹಲವರ ಹೊಟ್ಟೆಯ ಆಮ್ಲ ಕಡಿಮೆಯಾಗಿ, ಆಹಾರಕ್ಕೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳುವುದೇ ಇಲ್ಲ. ಗುಳಿಗೆಯ ಬಿ12ಗೆ ಆ ತೊಡಕಿಲ್ಲ. 1000 ಮೈಕ್ರೋಗ್ರಾಂ ನುಂಗಿದರೆ ನೂರರಲ್ಲೊಂದು ಪಾಲಷ್ಟು ತಾನಾಗಿಯೇ ಒಳಸೇರುತ್ತದೆ. ದಿನದ ಅಗತ್ಯಕ್ಕೆ ಅದು ಸಾಕು. ನರದ ಲಕ್ಷಣವಿದ್ದರೆ ಸಾಮಾನ್ಯವಾಗಿ ಇಂಜೆಕ್ಷನ್ನಿನಿಂದಲೇ ಶುರುಮಾಡುತ್ತಾರೆ. ಹತ್ತು ದಿನಕ್ಕೆ ಲವಲವಿಕೆ ಬಂತೆಂದು ಬಿಡುವವರೇ ಹೆಚ್ಚು. ರಕ್ತ ಬೇಗ ಚೇತರಿಸಿಕೊಳ್ಳುತ್ತದೆ, ನರಕ್ಕೆ ತಿಂಗಳುಗಳೇ ಬೇಕು.

ಬಿ12 ಸರಿಯಿರುವವರು ‘ಜ್ಞಾಪಕಶಕ್ತಿ’ ಗುಳಿಗೆಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಡಿ ವಿಟಮಿನ್ನಿನ 60,000 ಯೂನಿಟ್ ಪೊಟ್ಟಣದ ಬಗ್ಗೆ ಎಚ್ಚರ: ವಾರಕ್ಕೊಂದು ಎಂದು ಬರೆದುಕೊಟ್ಟದ್ದನ್ನು ದಿನಕ್ಕೊಂದು ಕುಡಿಸುತ್ತಾ ಹೋದರೆ ರಕ್ತದ ಕ್ಯಾಲ್ಸಿಯಂ ಏರಿ, ಒಳ್ಳೆಯದಾಗಲೆಂದು ಕೊಟ್ಟ ಔಷಧಿಯೇ ಮಂಕು ತರುತ್ತದೆ. ಕ್ಯಾಲೆಂಡರಿನಲ್ಲಿ ವಾರಕ್ಕೊಂದೇ ದಿನ ಗುರುತು ಹಾಕಿ.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಅಂಕಿ ಏರಿಯೂ ಮರೆವು ಹಾಗೇ ಇದ್ದರೆ ಕಾರಣ ಬೇರೆ ಇರಬಹುದು, ನರರೋಗ ತಜ್ಞರಿಗೆ ತೋರಿಸಿ. ನಿನ್ನೆ ಚೆನ್ನಾಗಿದ್ದವರು ಇವತ್ತು ದಿಢೀರನೆ ಅಸಂಬದ್ಧ ಮಾತಾಡಿದರೆ, ಬಾಯಿ ವಾರೆಯಾದರೆ ಅದು ವಿಟಮಿನ್ ಕೊರತೆಯಲ್ಲ. ರಿಪೋರ್ಟಿಗೆ ಕಾಯದೆ 108ಕ್ಕೆ ಫೋನ್ ಮಾಡಿ.