45 ಸಾವಿರದ ಆಫರ್, ಕೈಗೆ 34 ಸಾವಿರ: ಬದಿಯಡ್ಕದಿಂದ ಹೊರಡುವ ಮೊದಲು ಹಾಕಿದ ಲೆಕ್ಕ

2023ರ ಜೂನ್‌ನಲ್ಲಿ ನನ್ನ ಕೈಯಲ್ಲಿ ಎರಡು ಆಫರ್ ಲೆಟರ್ ಇದ್ದವು. ಒಂದು ಬೆಂಗಳೂರಿನ ವೈಟ್‌ಫೀಲ್ಡ್‌ನದ್ದು, ವರ್ಷಕ್ಕೆ 5,40,000. ಇನ್ನೊಂದು ಮಂಗಳೂರಿನದ್ದು, 3,60,000. ನಾನು ಓದಿದ್ದು ಇಲೆಕ್ಟ್ರಾನಿಕ್ಸ್. ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಸ್ವಲ್ಪ ಅಡಿಕೆ ತೋಟ ಇದೆ. ನಮ್ಮಲ್ಲಿ ಸಂಬಳದ ಕೆಲಸಕ್ಕೆ ಹೊರಟವರಲ್ಲಿ ನಾನೇ ಮೊದಲು. ಹಾಗಾಗಿ ಆಫರ್ ಲೆಟರನ್ನು ಹೇಗೆ ಓದಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ.

ಸುದ್ದಿ ಗೊತ್ತಾದ ನೆಂಟರೆಲ್ಲ 12ರಿಂದ ಭಾಗಿಸಿ "ತಿಂಗಳಿಗೆ 45 ಸಾವಿರ!" ಅಂತ ಫೋನ್ ಮಾಡಿದರು. ಅಪ್ಪ ಮಾತ್ರ ಏನೂ ಹೇಳಲಿಲ್ಲ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ಕೇಳಿದರು: "ಮಗಳೇ, ಇದು ಅಂಗಳಕ್ಕೆ ಹಾಕಿದ ಅಡಿಕೆಯ ತೂಕವಾ, ಸುಲಿದದ್ದರ ತೂಕವಾ?"

ಅಡಿಕೆ ಬೆಳೆಯುವವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಡಿಕೆ ಅಂಗಳದಲ್ಲಿ ನಲವತ್ತು ದಿನ ಒಣಗಿ, ಸಿಪ್ಪೆ ಹೋಗಿ, ಕಡಿಮೆ ಬೆಲೆಯ ಕರಿಗೋಟು, ಪಟೋರ ಎಲ್ಲ ಬೇರೆ ಮಾಡಿದ ಮೇಲೆ ಗೋಣಿಗೆ ತುಂಬುವುದು ಎಷ್ಟೋ ಅಷ್ಟೇ ನಮ್ಮದು. ಅಪ್ಪ ತೋಟದ ಲೆಕ್ಕದ ಪುಸ್ತಕದಲ್ಲಿ ಒಂದು ಖಾಲಿ ಹಾಳೆ ತೆಗೆದು ಕೊಟ್ಟರು. ಎಡಗಡೆ ಬೆಂಗಳೂರು, ಬಲಗಡೆ ಮಂಗಳೂರು ಅಂತ ಬರೆದು ಶುರು ಮಾಡಿದೆ.

ಸಂಬಳದ ವಿವರ ಲೆಟರಿನ ಕೊನೆಯ ಪುಟದಲ್ಲಿರುತ್ತದೆ. ಬೆಂಗಳೂರಿನದ್ದರಲ್ಲಿ ಬೇಸಿಕ್ (ಮೂಲ ವೇತನ) ತಿಂಗಳಿಗೆ 18,000 ಅಂತ ಇತ್ತು. ಕಂಪನಿ ನಮ್ಮ ಹೆಸರಲ್ಲಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ ಶೇ. 12, ಅದನ್ನೂ ಆ 5,40,000ದ ಒಳಗೇ ಸೇರಿಸಿದ್ದರು. ವರ್ಷಕ್ಕೆ 25,920 ಅಲ್ಲಿಗೆ ಹೋಯಿತು. ಗ್ರಾಚುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಮೊತ್ತ) ಬೇಸಿಕ್‌ನ ಶೇ. 4.81, ಅಂದರೆ 10,390. ಆಗಿನ ನಿಯಮದಲ್ಲಿ ಅದು ಕೈಗೆ ಬರಬೇಕಾದರೆ ಐದು ವರ್ಷ ಅಲ್ಲೇ ದುಡಿಯಬೇಕಿತ್ತು. ಆರೋಗ್ಯ ವಿಮೆಗೆ 9,000. ವೇರಿಯಬಲ್ ಪೇ 54,000, ಅದು ಕಂಪನಿಯ ಲಾಭ ನೋಡಿಕೊಂಡು ವರ್ಷದ ಕೊನೆಗೆ ಕೊಡುವುದು, ಕೊಟ್ಟೇ ಕೊಡುತ್ತಾರೆ ಅಂತ ಎಲ್ಲೂ ಬರೆದಿರಲಿಲ್ಲ. ಇಷ್ಟನ್ನು ಕಳೆದು 12ರಿಂದ ಭಾಗಿಸಿದರೆ 36,724. ಅದರಲ್ಲಿ ನನ್ನ ಪಾಲಿನ ಪಿಎಫ್ 2,160, ವೃತ್ತಿ ತೆರಿಗೆ 200. ಕೈಗೆ ಬರುವುದು ಸುಮಾರು 34,400. ಮಂಗಳೂರಿನದ್ದನ್ನೂ ಹೀಗೇ ಮಾಡಿದೆ. ಅಲ್ಲಿ ವೇರಿಯಬಲ್ ಇರಲಿಲ್ಲ, ಸುಮಾರು 25,500 ಬಂತು.

ಇನ್ನು ಖರ್ಚು. ಬೆಂಗಳೂರಲ್ಲಿ ನೆಂಟರೊಬ್ಬರು, ನನಗೆ ಭಾವ ಆಗಬೇಕು, ಅವರ ಮನೆ ವಿಜಯನಗರದಲ್ಲಿ. "ನಮ್ಮಲ್ಲೇ ಇರು, ಬಾಡಿಗೆ ಯಾಕೆ" ಅಂದರು. ಆದರೆ ಆಗ ಮೆಟ್ರೋ ಬೈಯಪ್ಪನಹಳ್ಳಿಗೆ ನಿಲ್ಲುತ್ತಿತ್ತು. ಅಲ್ಲಿ ಇಳಿದು ಬಸ್ ಹಿಡಿದು ಕೆ.ಆರ್. ಪುರ, ಅಲ್ಲಿಂದ ಮತ್ತೆ ಮೆಟ್ರೋ. ರಾತ್ರಿ ತಡವಾದರೆ ಆ ಬಸ್ಸಿನ ತುಂಡು ದಾರಿಯದ್ದೇ ಚಿಂತೆ. ಹಾಗಾಗಿ ಆಫೀಸಿನ ಹತ್ತಿರವೇ ಪಿಜಿ ಅಂತ ಬರೆದುಕೊಂಡೆ: ಇಬ್ಬರಿಗೊಂದು ರೂಮು, ಎರಡು ಹೊತ್ತಿನ ಊಟ, 10,500. ಮಧ್ಯಾಹ್ನದ ಊಟ 2,000, ಓಡಾಟ 1,000, ಫೋನ್ 300, ಊರಿಗೆ ಬಂದು ಹೋಗಲು 1,500, ಇತರೆ 3,000. ಎಜುಕೇಶನ್ ಲೋನ್ ತೆಗೆದದ್ದು 3 ಲಕ್ಷ, ಓದುವಾಗಿನ ಬಡ್ಡಿ ಸೇರಿ 3.7 ಲಕ್ಷ ಆಗಿತ್ತು, ಅದರ ಕಂತು 6,200. ಒಟ್ಟು 24,500. ಉಳಿಯುವುದು 9,900.

ಮಂಗಳೂರಲ್ಲಿ ಅದೇ ಕಂತು ಸೇರಿ ಖರ್ಚು 17,700. ಉಳಿಯುವುದು 7,800.

ಕೂಡಿಸಿದ್ದು ಸರಿ ಇದೆಯಾ ಅಂತ ನಾನು ಎರಡು ಸಲ ನೋಡಿದೆ. ಕಾಗದದ ಮೇಲೆ ತಿಂಗಳಿಗೆ 15,000 ವ್ಯತ್ಯಾಸ ಇದ್ದದ್ದು, ಕೊನೆಗೆ ಉಳಿಯುವ ದುಡ್ಡಲ್ಲಿ ಬರೀ 2,100! ಅದನ್ನು ನೋಡಿದ ಮೇಲೆ ಮನಸ್ಸು ಹಗುರವಾಯಿತು. ದುಡ್ಡು ನೋಡಿ ಊರು ಬಿಡುವ ಅಗತ್ಯ ಇರಲಿಲ್ಲ, ದುಡ್ಡು ನೋಡಿ ಊರ ಹತ್ತಿರ ಉಳಿಯುವ ಅಗತ್ಯವೂ ಇರಲಿಲ್ಲ.

ಮರುದಿನ ಎರಡೂ ಕಡೆಗೆ ಫೋನ್ ಮಾಡಿ, ನಾನು ಸೇರಬೇಕಾದ ಟೀಮಿನವರ ಹತ್ತಿರ ಹತ್ತು ನಿಮಿಷ ಮಾತಾಡಬೇಕು ಅಂದೆ. ಹೀಗೆ ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರೇನೋ ಅಂತ ಭಯ ಇತ್ತು, ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಮೊದಲ ಆರು ತಿಂಗಳು ನನ್ನ ಕೆಲಸ ಏನು, ನಾನು ಬರೆದದ್ದನ್ನು ನೋಡಿ ತಿದ್ದುವವರು ಯಾರು ಅಂತ ಕೇಳಿದೆ. ಮಂಗಳೂರಿನವರು ನೇರವಾಗಿಯೇ ಹೇಳಿದರು: ಮೊದಲ ವರ್ಷ ವೆಬ್‌ಸೈಟ್ ಟೆಸ್ಟಿಂಗ್, ಹಾರ್ಡ್‌ವೇರ್ ಕೆಲಸ ಅವರಲ್ಲಿ ಇಲ್ಲ. ಬೆಂಗಳೂರಿನ ಟೀಮಿನ ಮೇಡಂ, ಹೊಸ ಸರ್ಕ್ಯೂಟ್ ಬೋರ್ಡ್ ಬಂದಾಗ ಅದಕ್ಕೆ ಕರೆಂಟ್ ಕೊಟ್ಟು, ಆಸಿಲೋಸ್ಕೋಪ್ ಹಿಡಿದು ಒಂದೊಂದೇ ಸಿಗ್ನಲ್ ನೋಡಿ, ಆಮೇಲೆ ಅದರೊಳಗೆ ಕೂರುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್ ಬರೆಯಬೇಕು, ಮೊದಲ ಮೂರು ತಿಂಗಳು ನಿನ್ನ ಪಕ್ಕದಲ್ಲಿ ನಾನೇ ಕೂರುತ್ತೇನೆ ಅಂದರು. ನಾಲ್ಕು ವರ್ಷ ಓದಿದ್ದು ಅದಕ್ಕೇ ಅಲ್ವಾ. ಫೋನ್ ಇಡುವಾಗಲೇ ತೀರ್ಮಾನ ಆಗಿತ್ತು.

ಉಳಿದದ್ದು ಬಾಂಡ್. ಎರಡು ವರ್ಷದೊಳಗೆ ಬಿಟ್ಟರೆ 1,50,000 ಕೊಡಬೇಕು, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಅವರ ಹತ್ತಿರ ಇರಬೇಕು ಅಂತ ಇತ್ತು. ಕಾಸರಗೋಡಿನಲ್ಲಿ ಅಪ್ಪನ ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆವು. ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಎದುರು ನಿಲ್ಲುವುದಿಲ್ಲ, ಆದರೆ ಬಾಂಡಿನ ದುಡ್ಡಿನ ಮಾತು ಬೇರೆ ಅಂದರು. 74ನೇ ಸೆಕ್ಷನ್ ಪ್ರಕಾರ ಅವರು ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ, ಅದರೊಳಗೆ ನ್ಯಾಯವಾದಷ್ಟು ಪರಿಹಾರ ಕೇಳಬಹುದು, ಆದ್ದರಿಂದ "ಬಾಂಡಿಗೆಲ್ಲ ಬೆಲೆ ಇಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡ. ಒರಿಜಿನಲ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡ, ಅದನ್ನು ಎರಡು ಸಲ ಹೇಳಿದರು. ನಾನು ಎಚ್‌ಆರ್‌ಗೆ ಮೇಲ್ ಹಾಕಿದೆ. ಮಾರ್ಕ್ಸ್‌ಕಾರ್ಡ್ ತೋರಿಸಿ ಅದೇ ದಿನ ವಾಪಸ್ ತೆಗೆದುಕೊಂಡು ಹೋಗಬಹುದು, ಬಾಂಡಿನ ಮೊತ್ತವನ್ನು ಕೆಲಸ ಮಾಡಿದ ತಿಂಗಳಿಗೆ ತಕ್ಕಂತೆ ಇಳಿಸುತ್ತೇವೆ ಅಂತ ಬರೆದು ಕೊಟ್ಟರು. ಕೇಳದೇ ಇದ್ದಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಪಿಜಿಯನ್ನು ಭಾವನೇ ಹೋಗಿ ನೋಡಿದರು, ಅದೂ ರಾತ್ರಿ ಎಂಟಕ್ಕೆ. ಊಟ ಹೇಗಿದೆ, ನೀರು ಬರ್ತದಾ, ಗೇಟಿನ ಹತ್ತಿರ ಬೆಳಕಿದೆಯಾ, ಇದೆಲ್ಲ ಹಗಲು ಹೋದರೆ ಗೊತ್ತಾಗುವುದಿಲ್ಲ.

ನಾನು ಲೆಕ್ಕ ತಪ್ಪಿದ್ದು ಮೊದಲ ತಿಂಗಳಲ್ಲಿ. ಸೇರಿದ್ದು ಜುಲೈ 17ಕ್ಕೆ. 31ಕ್ಕೆ ಸಂಬಳ ಬರ್ತದೆ ಅಂದುಕೊಂಡಿದ್ದೆ. 15ರ ನಂತರ ಸೇರಿದವರಿಗೆ ಮುಂದಿನ ತಿಂಗಳೇ ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಪಿಜಿಯ ಅಡ್ವಾನ್ಸ್, ಮೊದಲ ಬಾಡಿಗೆ, ಬಕೆಟು, ಬೆಡ್‌ಶೀಟು, ಆರು ವಾರದ ಖರ್ಚು ಸೇರಿ ಅಪ್ಪ 30,000 ಕಳಿಸಬೇಕಾಯಿತು. ಅದು ತೋಟಕ್ಕೆ ಎರಡನೇ ಸಲ ಮದ್ದು ಬಿಡಲು ಇಟ್ಟ ದುಡ್ಡು ಅಂತ ಅಮ್ಮ ಆಮೇಲೆ ಹೇಳಿದರು. ಮಳೆಗಾಲದಲ್ಲಿ ಮದ್ದು ಒಂದು ವಾರ ತಡವಾದರೆ ಕೊಳೆರೋಗ ಏನು ಮಾಡ್ತದೆ ಅಂತ ನನಗೆ ಗೊತ್ತು. ಆ ಪ್ರಶ್ನೆಯನ್ನು ಎಚ್‌ಆರ್‌ಗೆ ಒಂದು ಸಾಲಲ್ಲಿ ಕೇಳಬಹುದಿತ್ತು, ಈಗಲೂ ಬೇಜಾರಾಗುತ್ತದೆ. ಆಗಸ್ಟ್ 31ಕ್ಕೆ ಸಂಬಳ ಬಂದ ದಿನವೇ 15,000 ವಾಪಸ್ ಕಳಿಸಿದೆ.

ಊರಿಗೆ ಹೋಗುವ ಖರ್ಚೂ 1,500ರಲ್ಲಿ ನಿಲ್ಲಲಿಲ್ಲ. ಕಣ್ಣೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ಟಿಕೆಟ್ ಸಿಕ್ಕಿದರೆ ಸರಿ, ಕಾಸರಗೋಡಿನಲ್ಲೇ ಇಳಿಯಬಹುದು. ದೀಪಾವಳಿಗೆ ಸಿಗಲಿಲ್ಲ, ಪ್ರೈವೇಟ್ ಬಸ್ಸಿಗೆ ದುಪ್ಪಟ್ಟು ಕೊಟ್ಟೆ. ಅದೇ ವರ್ಷ ಅಕ್ಟೋಬರ್ 9ಕ್ಕೆ ಬೈಯಪ್ಪನಹಳ್ಳಿ-ಕೆ.ಆರ್. ಪುರ ಮೆಟ್ರೋ ಶುರುವಾಗಿತ್ತು. ಭಾವನ ಮನೆಯ ಹತ್ತಿರವೇ ಗೆಳತಿಯ ಜೊತೆ ಸಣ್ಣ ಮನೆ ಮಾಡೋಣ ಅಂತ ನೋಡಿದೆ. ಆರು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳಿದರು, ಆ ವರ್ಷ ಬಿಟ್ಟುಬಿಟ್ಟೆ.

ಒಂದು ವರ್ಷ ಆದಾಗ ಕೂಡಿಸಿ ನೋಡಿದೆ. ಉಳಿದದ್ದು ತಿಂಗಳಿಗೆ ಸರಾಸರಿ 7,000. ವೇರಿಯಬಲ್ 54,000ದಲ್ಲಿ ಬಂದದ್ದು 31,000, ಅದನ್ನು ಹಾಗೇ ಲೋನಿಗೆ ಕಟ್ಟಿದೆ. ನಾನು ಮೊದಲು ಕೆಲಸ ಮಾಡಿದ ಬೋರ್ಡ್ ಈಗಲೂ ನನ್ನ ಮೇಜಿನ ಮೇಲಿದೆ.