ಎಂಜಿನಿಯರಿಂಗಿಗೆ ಎಷ್ಟು ಕಾಲೇಜಿಗೆ ಹಾಕಬೇಕು? ದುಡ್ಡು ಕೇಳುವಲ್ಲಿ ಮೂರು, ಕೇಳದಿರುವಲ್ಲಿ ನಲವತ್ತು

ಸಿಇಟಿ ರ್‍ಯಾಂಕ್ ಬಂದ ವಾರ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿನ್ನೋಣ ಅಂತ ಕೂತರೂ ಪಕ್ಕದ ಟೇಬಲ್ಲಿನಿಂದ ಒಂದೇ ಮಾತು ಕೇಳುತ್ತದೆ. "ನಿಮ್ಮ ಹುಡುಗ ಎಷ್ಟು ಕಾಲೇಜ್ ಹಾಕಿದಾನೆ?" ಒಬ್ಬರು ಆರು ಅಂತಾರೆ. ಇನ್ನೊಬ್ಬರು ನೂರಾ ಇಪ್ಪತ್ತು ಅಂತಾರೆ. ಆರು ಹಾಕಿದವರಿಗೆ ಎಲ್ಲೂ ಸಿಗದೆ ಹೋದರೆ ಅನ್ನೋ ಭಯ. ನೂರಿಪ್ಪತ್ತು ಹಾಕಿದವರಿಗೆ ಎಲ್ಲೋ ಗೊತ್ತಿಲ್ಲದ ಕಡೆ ಸಿಕ್ಕಿಬಿಟ್ಟರೆ ಅನ್ನೋ ಭಯ.

ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಕಾಲೇಜೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಫೀಸು ಕೇಳುವ ಕಡೆ ಎರಡು, ಹೆಚ್ಚೆಂದರೆ ಮೂರು ಸಾಕು. ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ಕೊಡುವಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಅಲ್ಲಿ ನಾಲ್ಕು ಹಾಕಿದರೂ ನಾನೂರು ಹಾಕಿದರೂ ಆಪ್ಷನ್ನಿಗೆ ಇಷ್ಟು ಅಂತ ದುಡ್ಡಿಲ್ಲ. ಸೀಟು ಬಂದರೆ ಹೋಗಿ ಸೇರುತ್ತೇನೆ ಅನ್ನುವಂಥದ್ದು ಒಂದೂ ಬಿಡಬಾರದು, ಬಂದರೂ ಹೋಗಲ್ಲ ಅನ್ನುವಂಥದ್ದು ಒಂದೂ ಹಾಕಬಾರದು.

ಇದು ನನಗೆ ಗೊತ್ತಾಗಿದ್ದು ನಮ್ಮ ಅಣ್ಣನ ಮಗಳಿಂದ. ಜಗಳೂರು ಕಡೆಯ ಹಳ್ಳಿ, ಹತ್ತನೇ ಕ್ಲಾಸಿನವರೆಗೂ ಅಲ್ಲೇ ಕನ್ನಡ ಮೀಡಿಯಂ. ಅವಳು ಹಾಕಿದ್ದು 14 ಆಪ್ಷನ್, ಹದಿನಾಲ್ಕೂ ಬೆಂಗಳೂರು, ಹದಿನಾಲ್ಕೂ ಕಂಪ್ಯೂಟರ್ ಸೈನ್ಸ್. ನಿಜವಾದ ಸುತ್ತಿಗೆ ಮುಂಚೆ ತಾಲೀಮಿನ ಹಾಗೆ ಮಾಡುವ ಅಣಕು ಹಂಚಿಕೆಯಲ್ಲಿ ಒಂದೂ ಸೀಟು ಬರಲಿಲ್ಲ. ಅವತ್ತು ಸಂಜೆ ಮನೆಗೆ ಹೋದರೆ ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದಳು. ಗೋಡೆಯಲ್ಲಿದ್ದ ಹಳೇ ಕ್ಯಾಲೆಂಡರ್ ಇಳಿಸಿ, ಹಿಂದಿನ ಬಿಳಿ ಕಡೆಗೆ ಮೂರು ಗೆರೆ ಎಳೆದೆವು. ಕೈಗೆ ಎಟುಕದ್ದು, ಎಟುಕಬಹುದಾದ್ದು, ಕೈಯಲ್ಲೇ ಇರೋದು. ಹೊಸದಾಗಿ ಸೇರಿಸಬಹುದಾದ ಒಂದೊಂದೇ ಕಾಲೇಜಿನ ಹೆಸರು ಓದಿದ ಹಾಗೆ ಅಣ್ಣ ಕೇಳುತ್ತಿದ್ದದ್ದು ಒಂದೇ, "ಬಸ್ಸು ಎಷ್ಟೊತ್ತಿಗೈತೆ?" ಒಂದು ಹೆಸರಿಗೆ ಅವಳು, "ಚಿಕ್ಕಪ್ಪ, ಇದು ಬಂದ್ರೆ ನಾನು ಹೋಗಲ್ಲ" ಅಂದಳು. "ಹಂಗಾದ್ರೆ ಹೊಡೆದು ಹಾಕವ್ವ" ಅಂದೆ. ಹೀಗೆ ಹೊಡೆದೂ ಹೊಡೆದೂ ಉಳಿದದ್ದು 43.

ಮೂರು ಗುಂಪು ಮಾಡೋದು ಹೇಗೆ ಅಂದರೆ, ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟಾಫ್ ರ್‍ಯಾಂಕ್ ಸಿಗುತ್ತದೆ. ಯಾವ ಕಾಲೇಜು, ಯಾವ ಬ್ರಾಂಚು, ಯಾವ ಸುತ್ತಿನಲ್ಲಿ ಎಷ್ಟನೇ ರ್‍ಯಾಂಕಿಗೆ ಮುಗಿಯಿತು ಅಂತ. ಜಾಸ್ತಿ ಜನ ಸಾಮಾನ್ಯ ವರ್ಗದ ಜಿಎಂ ಕಾಲಂ ಒಂದನ್ನೇ ನೋಡಿ ಹೆದರಿ ಮುಚ್ಚಿಬಿಡುತ್ತಾರೆ. ನಿಮ್ಮ ಕಾಲಂ ನೋಡಿ. ನಿಮ್ಮ ಮೀಸಲಾತಿ ವರ್ಗ 3ಬಿ ಆಗಿದ್ದರೆ 3ಬಿಜಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ 3ಬಿಆರ್, ಅಷ್ಟೂ ವರ್ಷ ಕನ್ನಡ ಮೀಡಿಯಂ ಆಗಿದ್ದರೆ 3ಬಿಕೆ ಕೂಡ. ಗ್ರಾಮೀಣದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ನಮ್ಮ ಹೊಳಲ್ಕೆರೆ, ಹೊಸದುರ್ಗ, ಚನ್ನಗಿರಿ ಕಡೆಯ ಎಷ್ಟೋ ಮಕ್ಕಳಿಗೆ ಎರಡೂ ಅನ್ವಯಿಸುತ್ತವೆ. ಆದರೆ ಅರ್ಜಿ ತುಂಬುವಾಗ ಆ ಕಾಲಂ ಖಾಲಿ ಬಿಟ್ಟಿರುತ್ತಾರೆ, ಆಮೇಲೆ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ.

ಒಂದು ಉದಾಹರಣೆ ಹಿಡಿಯಿರಿ. ನಿಮ್ಮ ರ್‍ಯಾಂಕ್ 30 ಸಾವಿರ. ನಿಮ್ಮ ಕಾಲಂನಲ್ಲಿ 20 ಸಾವಿರಕ್ಕೇ ಮುಗಿದದ್ದು ಎಟುಕದ್ದು. 26ರಿಂದ 36 ಸಾವಿರದ ಒಳಗೆ ಮುಗಿದದ್ದು ಎಟುಕಬಹುದಾದ್ದು. 45 ಸಾವಿರ ದಾಟಿದ್ದು ಕೈಯಲ್ಲಿರೋದು. ಕಟಾಫ್ ವರ್ಷದಿಂದ ವರ್ಷಕ್ಕೆ ಅತ್ತಿತ್ತ ಆಗುತ್ತೆ. ಅದಕ್ಕೇ ಮೂರನೇ ಗುಂಪು ತೆಳ್ಳಗಿರಬಾರದು. ನಾನಾದರೆ ಮೊದಲನೆಯದು ಹತ್ತು, ಎರಡನೆಯದು ಇಪ್ಪತ್ತು, ಮೂರನೆಯದು ಹತ್ತು ಹದಿನೈದು ಇಡುತ್ತೇನೆ.

ನಲವತ್ತು ಅಂದ ಕೂಡಲೇ ಅಷ್ಟು ಕಾಲೇಜು ಎಲ್ಲಿಂದ ತರೋದು ಅನ್ನಬೇಡಿ. ಅಲ್ಲಿ ಒಂದು ಕಾಲೇಜಿನ ಒಂದು ಬ್ರಾಂಚ್ ಅಂದರೆ ಒಂದು ಆಪ್ಷನ್. ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಚಿತ್ರದುರ್ಗದ ಎಸ್‌ಜೆಎಂಐಟಿ, ಈ ಮೂರರಲ್ಲಿ ನಾಲ್ಕು ನಾಲ್ಕು ಬ್ರಾಂಚ್ ಅಂತ ಹಿಡಿದರೂ ಹನ್ನೆರಡಾಯಿತು. ಯುಬಿಡಿಟಿ 1951ರಿಂದ ಇರೋ ಕಾಲೇಜು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಬಿಐಇಟಿ 1979ರದ್ದು. ಊರಿನದು ಅನ್ನೋ ಒಂದೇ ಕಾರಣಕ್ಕೆ ಇವನ್ನು ಕೊನೆಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಮನೆ ಊಟ, ಮನೆ ಹಾಸಿಗೆ ಬಿಟ್ಟು 260 ಕಿಲೋಮೀಟರ್ ದೂರದ ಬೆಂಗಳೂರಿನ ಯಾವುದೋ ಸಣ್ಣ ಕಾಲೇಜಿಗೆ ಪಿಜಿ ಬಾಡಿಗೆ ಕೊಟ್ಟು ಹೋಗೋದು, ಬರೀ ಬೆಂಗಳೂರು ಅನ್ನೋದಕ್ಕೆ. ಇವಾದ ಮೇಲೆ ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ. ಹಬ್ಬಕ್ಕೆ ಸಂಜೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು.

ಈಗ ಕ್ರಮ. ತಪ್ಪುವುದು ಇಲ್ಲೇ ಜಾಸ್ತಿ. "ಹೆಂಗೂ ಸಿಗೋದನ್ನ ಮೇಲೆ ಹಾಕಪ್ಪ, ಇಲ್ಲಾಂದ್ರೆ ಅದೂ ಹೋಗ್ತದೆ" ಅಂತ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಕೇಳಬೇಡಿ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡಿಕೊಂಡು ಬರುತ್ತದೆ, ನಿಮ್ಮ ರ್‍ಯಾಂಕಿಗೆ ಎಲ್ಲಿ ಸೀಟು ಇದೆಯೋ ಅಲ್ಲಿ ನಿಲ್ಲುತ್ತದೆ. ಮೇಲೆ ಹತ್ತು ಆಸೆಯ ಕಾಲೇಜು ಇಟ್ಟರೆ ಹನ್ನೊಂದನೆಯದಕ್ಕೆ ಏನೂ ಕಡಿಮೆಯಾಗಲ್ಲ. ಆದರೆ ಕೈಯಲ್ಲಿರೋದನ್ನು ಮೊದಲು ಇಟ್ಟರೆ ಅದೇ ಸಿಗುತ್ತೆ, ಅದರ ಕೆಳಗಿನದೆಲ್ಲ ಅಲ್ಲಿಗೆ ಮುಗಿಯಿತು. ನಿಮಗೆ ಯಾವುದು ಜಾಸ್ತಿ ಬೇಕೋ ಅದು ಮೇಲೆ, ಅಷ್ಟೇ. ಮುಂದಿನ ಸುತ್ತಿನಲ್ಲಿ ಹೊಸದು ಸೇರಿಸಲು ಬಿಡುತ್ತಾರೆ ಅಂತ ನಂಬಿಕೊಂಡು ಕೂರಬೇಡಿ, ಮೊದಲ ಸಲವೇ ಪೂರ್ತಿ ಹಾಕಿ.

ಅಣಕು ಹಂಚಿಕೆ ಇರೋದೇ ತಿದ್ದಿಕೊಳ್ಳಲು. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ದಾರಿ. ಒಂದನೇ ಚಾಯ್ಸ್ ಅಂದರೆ ಒಪ್ಪಿದೆ, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮೇಲಿನದು ಬರುತ್ತಾ ನೋಡುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕು, ಸಹವಾಸವೇ ಬೇಡ. ನಮ್ಮ ಹುಡುಗಿಗೆ ಮೊದಲು 22ನೆಯದು ಬಂತು. ಎರಡನೇ ಚಾಯ್ಸ್ ಕೊಟ್ಟಳು, ಮುಂದಿನ ಸುತ್ತಿನಲ್ಲಿ 17ನೆಯದು ಸಿಕ್ಕಿತು, ಹಳೆಯದು ತಾನಾಗೇ ಹೋಯಿತು. ಹಾಗೆ ಹೋದದ್ದು ಮತ್ತೆ ಕೇಳಿದರೂ ಬರಲ್ಲ. ಅದಕ್ಕೇ 17 ಮತ್ತು 22ರ ನಡುವೆ ಯಾವುದು ಮೇಲೆ ಅಂತ ಕ್ಯಾಲೆಂಡರ್ ಮುಂದೆ ಅರ್ಧ ಗಂಟೆ ಜಗಳ ಆಡಿದ್ದು ಸಾರ್ಥಕ.

ಫೀಸಿನ ಕಾಲಂ ಮರೆಯಬೇಡಿ. ಕೆಲವು ಅನುದಾನಿತ ಕಾಲೇಜುಗಳಲ್ಲಿ ಒಂದೇ ಬ್ರಾಂಚಿಗೆ ಎರಡು ಥರದ ಸೀಟು, ಎರಡು ಥರದ ಫೀಸು ಇರುತ್ತದೆ. ಒಂದೇ ಹೆಸರು ಎರಡು ಸಲ ಕಂಡರೆ ತಪ್ಪಾಗಿ ಬಂದಿದೆ ಅಂತ ಬಿಡಬೇಡಿ, ಕೋಡ್ ನೋಡಿ. ಮನೆಯ ಆದಾಯ ಮಿತಿಯೊಳಗಿದ್ದರೆ ಅಂಥವರಿಗೆ ಅಂತಲೇ ಇರುವ ಹೆಚ್ಚುವರಿ ಎಸ್‌ಎನ್‌ಕ್ಯೂ ಸೀಟಿಗೂ ಹೌದು ಅನ್ನಿ, ಅದರಲ್ಲಿ ಬೋಧನಾ ಶುಲ್ಕ ಇರಲ್ಲ.

ಇನ್ನು ದುಡ್ಡು ಕೇಳುವ ಕಡೆಯ ವಿಷಯ. ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಒಂದೇ ಪರೀಕ್ಷೆಗೆ ಎಷ್ಟೋ ಕಾಲೇಜು ಬರುತ್ತವೆ, ಅಷ್ಟು ಫೀಸು ಕಟ್ಟುವ ಶಕ್ತಿ ಇದ್ದರೆ ಅದು ಒಂದು. ಮೇಲೆ ಒಂದೋ ಎರಡೋ ಖಾಸಗಿ ವಿಶ್ವವಿದ್ಯಾಲಯ. ಒಂದು ಅರ್ಜಿಗೆ ಸಾವಿರ ಅಂತ ಹಿಡಿದರೂ ಹತ್ತಕ್ಕೆ ಹತ್ತು ಸಾವಿರ, ಒಂದು ಸೆಮಿಸ್ಟರಿನ ಬಸ್ ಖರ್ಚು ಅದರಲ್ಲೇ ಕಳೆಯುತ್ತದೆ. ಜೊತೆಗೆ ಫೋನ್ ಕಾಟ. "ಸರ್, ಇವತ್ತೇ ಸೀಟ್ ಬ್ಲಾಕ್ ಮಾಡ್ಕೊಳ್ಳಿ" ಅಂದ ಒಬ್ಬನ ಮಾತು ಕೇಳಿ ನಾನೇ ನಮ್ಮ ಮಗನಿಗೆ ಅಂತ 25 ಸಾವಿರ ಕಟ್ಟಿ ಬಂದಿದ್ದೆ. ಕಾಲೇಜಿನ ಹೆಸರು ಬೇಡ. ಮಗನಿಗೆ ಸಿಇಟಿಯಲ್ಲೇ ಸೀಟಾಯಿತು, ಆ ದುಡ್ಡು ವಾಪಸ್ ಬರಲಿಲ್ಲ. ಹೋದದ್ದು ಹೋಗಲಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಟ್ಟಿರಲಿಲ್ಲ. ನೀವೂ ಸೇರುವುದು ಖಚಿತವಾಗುವ ತನಕ ಎಲ್ಲೂ ಕೊಡಬೇಡಿ.

ಬಿಎಸ್ಸಿ, ಬಿಕಾಂ, ಬಿಸಿಎಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿಗ್ರಿ ಪ್ರವೇಶದ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನೋಂದಾಯಿಸಿ, ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಒಂದು ಅನುದಾನಿತ, ಅಷ್ಟು ಹಾಕಿದರೆ ಸಾಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ 2009ರಿಂದ ದಾವಣಗೆರೆ ವಿಶ್ವವಿದ್ಯಾಲಯವೇ ಇರೋದರಿಂದ ಚಳ್ಳಕೆರೆಯಲ್ಲಿ ಓದಿದರೂ ದಾವಣಗೆರೆಯಲ್ಲಿ ಓದಿದರೂ ಡಿಗ್ರಿ ಕೊಡುವುದು ಅದೇ.

ಕೊನೆಗೆ ಸೈಬರ್ ಸೆಂಟರ್. ಪಾಸ್‌ವರ್ಡ್ ಬರೆದು ಕೊಟ್ಟು, ಟೀ ಕುಡಿದು ಬರ್ತೀನಿ ಅಂತ ಎದ್ದು ಹೋಗಬೇಡಿ. ರಶ್ ಇರುವಾಗ ಹಿಂದಿನ ಹುಡುಗನ ಪಟ್ಟಿಯನ್ನೇ ಅರ್ಧ ಟೈಪ್ ಮಾಡಿ ಮುಗಿಸಿದ್ದನ್ನು ಕಂಡಿದ್ದೇನೆ. ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರಿ. ಸೇವ್ ಮಾಡಿದ ಮೇಲೆ ಪ್ರಿಂಟ್ ತೆಗೆಸಿ, ಮನೆಯಲ್ಲಿ ಬರೆದ ಪಟ್ಟಿಯ ಪಕ್ಕ ಇಟ್ಟು, ಬೆರಳಿಟ್ಟುಕೊಂಡು ಒಂದೊಂದೇ ಕೋಡ್ ತಾಳೆ ನೋಡಿ. ಇದನ್ನು ಕೊನೆ ದಿನದ ಸಂಜೆಗೆ ಇಟ್ಟುಕೊಳ್ಳಬೇಡಿ. ಅವತ್ತು ಸರ್ವರ್ ಸುತ್ತುತ್ತಲೇ ಇರುತ್ತದೆ, ಕರೆಂಟೂ ಅವತ್ತೇ ಹೋಗುತ್ತದೆ.